ನಮ್ಮೂರ ಹೂ ನೋಡೋಕೆ ಬರ್ತೀರಾ?

ಜೂನ್, ಜುಲೈ ಬಂತಂದ್ರೆ ಆಫೀಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಅರಳಿದ್ಯಾ?" ಖಂಡಿತ ಬನ್ನಿ. ಬೆಳಿಗ್ಗೆ ಬೇಗ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. 1,454 ಮೀಟರ್ ಎತ್ತರ, ಜರ್ಕಿನ್ ಇರಲಿ. ಸ್ವಂತ ಗಾಡಿ ತಪ್ಪಲಲ್ಲೇ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ಊಟಿ, ವಯನಾಡ್ ಕಡೆ ಹೋಗೋರು ನೆನಪಿಡಿ: ಬಂಡೀಪುರದ ಕಾಡುದಾರಿ ನಿಮ್ಮ ಕಾರಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಇನ್ನೊಂದು ಮಾತು. ಹೆದ್ದಾರಿ ಪಕ್ಕದ ಆ ಹಳದಿ ಹೊಲ ಪಾರ್ಕ್ ಅಲ್ಲ, ನಮ್ಮಪ್ಪನಂಥೋರು ಮಳೆ ನಂಬಿ ಬಿತ್ತಿದ ಎಣ್ಣೆಕಾಳು. ಒಂದು ಗಿಡಕ್ಕೆ ಒಂದೇ ತೆನೆ, ಸೆಲ್ಫಿಗೆ ನುಗ್ಗಿ ಮುರಿದ್ರೆ ಮತ್ತೆ ಚಿಗುರಲ್ಲ. ಕೆಲವರು ಒಳಗೆ ಬಿಡೋಕೆ ಹತ್ತಿಪ್ಪತ್ತು ರೂಪಾಯಿ ಕೇಳ್ತಾರೆ. ಸುಲಿಗೆ ಅನ್ನಬೇಡಿ, ಕೊಡಿ. ಬದುವಿನ ಮೇಲೆ ನಿಂತ್ರೂ ಫೋಟೋ ಚೆನ್ನಾಗೇ ಬರುತ್ತೆ.