ಅಡಿಸ್ ಅಬಾಬಾದಲ್ಲಿ ಒಂದೇ ತಟ್ಟೆಯ ಊಟ

ಪ್ರವಾಸದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊಟ್ಟಮೊದಲು ಏಳುವುದು ಊಟದ ಪ್ರಶ್ನೆ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾಕ್ಕೆ ಹೊರಟಾಗ ನಮ್ಮಲ್ಲಿಯೂ ಹಾಗೆಯೇ ಆಯಿತು. ಜೊತೆಗೆ ಬರಲಿದ್ದ ಅತ್ತೆಯವರು ಎಪ್ಪತ್ತು ದಾಟಿದವರು, ನಿತ್ಯ ಇಷ್ಟಲಿಂಗ ಪೂಜೆ ತಪ್ಪಿಸದವರು. ಅಫ್ರಿಕಾ ಎಂದೊಡನೆ ಮಾಂಸಾಹಾರವೆಂದೇ ಭಾವಿಸಿ, ಅವರು ಕಟಕ ರೊಟ್ಟಿ, ಗುರೆಳ್ಳು ಚಟ್ನಿಪುಡಿಗಳ ಗಂಟು ಕಟ್ಟಿದರು. ಆ ಗಂಟೇ ನಮಗೆ ಮುಂದೆ ಒಂದು ಪಾಠ ಹೇಳಲಿದೆ ಎಂದು ಆಗ ತಿಳಿದಿರಲಿಲ್ಲ.

ಮುಂಬಯಿಯಿಂದ ಐದಾರು ಗಂಟೆಗಳ ವಿಮಾನಯಾನ. ನಗರವು ಸಮುದ್ರಮಟ್ಟದಿಂದ 2,300 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನಮ್ಮ ಊಟಿಗಿಂತಲೂ ಮೇಲೆ. ಆದ್ದರಿಂದ ಬೆಳಗು ಸಂಜೆಗಳಲ್ಲಿ ಸ್ವೆಟರ್ ಬೇಕೇ ಬೇಕು. 1886ರಲ್ಲಿ ಚಕ್ರವರ್ತಿ ಎರಡನೆಯ ಮೆನೆಲಿಕ್ ಮತ್ತು ರಾಣಿ ತೈತು ಈ ನಗರಕ್ಕೆ ಅಡಿಪಾಯ ಹಾಕಿದರು. ಅಲ್ಲಿಯ ಅಮ್ಹಾರಿಕ್ ಭಾಷೆಯಲ್ಲಿ ಅಡಿಸ್ ಅಬಾಬಾ ಎಂದರೆ ಹೊಸ ಹೂವು. 1963ರಲ್ಲಿ ಅಫ್ರಿಕನ್ ಏಕತಾ ಸಂಘಟನೆ ಹುಟ್ಟಿದ್ದು ಇಲ್ಲಿಯೇ; ಅದರ ಸ್ಥಾನದಲ್ಲಿ ಬಂದ ಅಫ್ರಿಕನ್ ಒಕ್ಕೂಟದ ಕೇಂದ್ರ ಕಚೇರಿಯೂ ಇಲ್ಲಿಯೇ ಇದೆ.

ಮೊದಲ ದಿನವೇ ಒಂದು ತಮಾಷೆ ನಡೆಯಿತು. ವಾಹನ ಚಾಲಕರು "ನಾಳೆ ಎರಡು ಗಂಟೆಗೆ ಬರುತ್ತೇನೆ" ಎಂದು ಹೋದರು. ಮಧ್ಯಾಹ್ನವೆಂದು ನಾವು ನಿಶ್ಚಿಂತರಾಗಿದ್ದೆವು. ಅವರು ಬಂದದ್ದು ಬೆಳಿಗ್ಗೆ ಎಂಟಕ್ಕೆ! ಅಲ್ಲಿ ದಿನದ ಎಣಿಕೆ ಬೆಳಗಿನಿಂದ ಆರಂಭ; ನಮ್ಮ ಏಳು ಗಂಟೆ ಅವರಿಗೆ ಒಂದು, ಎಂಟು ಗಂಟೆ ಎರಡು. ವರ್ಷಕ್ಕೆ ಹದಿಮೂರು ತಿಂಗಳು. ಅವರ ಪಂಚಾಂಗವೂ ನಾವು ಬಳಸುವ ಕ್ರಿಸ್ತಶಕಕ್ಕಿಂತ ಏಳೆಂಟು ವರ್ಷ ಹಿಂದಿದೆ. ಅತ್ತೆಯವರು ಆಗ ಪೂಜೆಗೆ ಕುಳಿತಿದ್ದರು. ಸಂಗತಿ ತಿಳಿದ ಆ ಗೃಹಸ್ಥರು ಪೂಜೆ ಮುಗಿಯುವವರೆಗೆ ಸದ್ದಿಲ್ಲದೆ ಕಾದು, "ಇಂದು ಬುಧವಾರ, ನನಗೂ ಉಪವಾಸ" ಎಂದರು.

ಈ ಉಪವಾಸವೇ ನಮ್ಮ ಊಟದ ಚಿಂತೆಯನ್ನು ಕಳೆಯಿತು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಬುಧವಾರ ಮತ್ತು ಶುಕ್ರವಾರ ವ್ರತದ ದಿನಗಳು. ಈಸ್ಟರ್ ಹಬ್ಬಕ್ಕೆ ಮುನ್ನ ಐವತ್ತೈದು ದಿನಗಳ ದೊಡ್ಡ ವ್ರತವೂ ಉಂಟು. ಆ ದಿನಗಳಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು ತುಪ್ಪಗಳನ್ನೂ ಮುಟ್ಟುವುದಿಲ್ಲ. ಭೋಜನಗೃಹದಲ್ಲಿ 'ಯೆ ತ್ಸೋಮ್', ಅಂದರೆ ವ್ರತದ ಊಟ ಎಂದು ಕೇಳಿದರೆ ಸಾಕು. ಕೆಲವರು ವ್ರತದಲ್ಲಿ ಮೀನು ತಿನ್ನುವುದುಂಟಾದ್ದರಿಂದ ಅದೊಂದನ್ನು ವಿಚಾರಿಸಿಕೊಳ್ಳಬೇಕು.

ಊಟ ಬಂದಿತು. ಅಗಲವಾದ ತಟ್ಟೆಯ ತುಂಬ ಇಂಜೆರಾ ಎಂಬ ಹುಳಿ ದೋಸೆ. ರಾಗಿಗಿಂತಲೂ ಸಣ್ಣದಾದ ಟೆಫ್ ಎಂಬ ಧಾನ್ಯದ ಹಿಟ್ಟನ್ನು ಹುದುಗಿಸಿ ಒಂದೇ ಬದಿ ಬೇಯಿಸಿದ್ದು. ಅದರ ಮೇಲೆ ಖಾರದ ಮಸೂರ ಬೇಳೆ, ಅರಿಸಿನ ಹಾಕಿದ ಬಟಾಣಿ ಬೇಳೆ, ಸೊಪ್ಪಿನ ಪಲ್ಯ, ನಮ್ಮ ಝುಣಕವನ್ನೇ ತೆಳ್ಳಗೆ ಮಾಡಿದಂತಿದ್ದ ಶಿರೊ. ಬಾಯಲ್ಲಿ ನೀರೂರಿತು. ಆದರೆ ನಾಲ್ವರಿಗೂ ತಟ್ಟೆ ಒಂದೇ! ಅತ್ತೆಯವರು ಮೆಲ್ಲನೆ ಕೇಳಿದರು: "ಎಲ್ಲಾರೂ ಒಂದ ತಾಟಿನ್ಯಾಗ ಕೈ ಹಾಕೂದು ಅಂದ್ರ ಎಂಜಲ ಆಗೂದಿಲ್ಲೇನ?" ಅವರಿಗೆ ಬೇರೆ ತಟ್ಟೆ ತರಿಸಿದೆವು. ಚಾಲಕರು ಏನೂ ಅನ್ನಲಿಲ್ಲ. ತಮ್ಮ ಕಡೆಯ ಅಂಚಿನಿಂದ ಸುಮ್ಮನೆ ಉಂಡರು. ಅತ್ತೆಯವರನ್ನು ಹಳೆಯ ಕಾಲದವರೆಂದು ನಗುವ ಅಧಿಕಾರ ನಮಗೂ ಇರಲಿಲ್ಲ. ಅವರ ಬೆರಳು ತಾಗಿದ ಭಾಗಕ್ಕೆ ನಮ್ಮ ಕೈಯೂ ಹೋಗಿರಲಿಲ್ಲ.

ಮರುದಿನ ನಗರ ನೋಡಲು ಹೊರಟೆವು. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಕಾಣಬಯಸುವುದು 'ಲೂಸಿ'ಯನ್ನು. 1974ರಲ್ಲಿ ಅಫಾರ್ ಪ್ರಾಂತದ ಹಡಾರಿನಲ್ಲಿ ದೊರೆತ ಈ ಅಸ್ಥಿಗಳು ಸುಮಾರು 32 ಲಕ್ಷ ವರ್ಷ ಹಳೆಯವು. ಪ್ರದರ್ಶನಕ್ಕೆ ಇಟ್ಟಿರುವುದು ಅವುಗಳ ಪ್ರತಿಕೃತಿ. ಆ ಜನ ಅವಳನ್ನು 'ದಿಂಕಿನೆಶ್' ಎನ್ನುತ್ತಾರೆ. 'ನೀನು ಅದ್ಭುತ' ಎಂದು ಅರ್ಥ. ನಮ್ಮೆಲ್ಲರ ಕುಲಗೋತ್ರಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಎರಡು ಕಾಲುಗಳ ಮೇಲೆ ನಡೆದ ಆ ಪುಟ್ಟ ಜೀವದ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ನಿಂತೆವು. ಹೋಲಿ ಟ್ರಿನಿಟಿ ದೇವಾಲಯದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರ ಸಮಾಧಿಯಿದೆ. ಅವರ ಅವಶೇಷಗಳನ್ನು 2000ದಲ್ಲಿ ಇಲ್ಲಿಗೆ ತಂದಿರಿಸಲಾಯಿತು. ಪಾದರಕ್ಷೆ ಕಳಚಿ ಒಳಗೆ ಹೋಗಬೇಕು. ಬಿಳಿಯ ವಸ್ತ್ರವನ್ನು ತಲೆಗೆ ಹೊದ್ದು ಬಾಗಿಲ ಚೌಕಟ್ಟಿಗೆ ಮುತ್ತಿಟ್ಟು ನಮಿಸುತ್ತಿದ್ದ ವೃದ್ಧೆಯರನ್ನು ಕಂಡು ಅತ್ತೆಯವರೂ ಸೆರಗು ಹೊದ್ದು ಕೈಮುಗಿದರು.

ಉತ್ತರಕ್ಕೆ ಎಂಟೊಟೊ ಬೆಟ್ಟಗಳು. ಬೆಟ್ಟದ ತುಂಬ ನೀಲಗಿರಿ ಮರಗಳ ಪರಿಮಳ. ಹೊಸ ರಾಜಧಾನಿಗೆ ಉರುವಲು ಸಾಲದಾದಾಗ ಮೆನೆಲಿಕನ ಕಾಲದಲ್ಲಿ ಆಸ್ಟ್ರೇಲಿಯಾದಿಂದ ತರಿಸಿ ನೆಟ್ಟ ಮರಗಳಿವು. ಬೆಟ್ಟದ ದಾರಿಯಲ್ಲಿರುವ ಶಿರೊಮೆಡಾ ಕೈಮಗ್ಗದ ಬಟ್ಟೆಗಳಿಗೆ ಹೆಸರಾದ ಪೇಟೆ. ದಕ್ಷಿಣದ ಬೆಟ್ಟಗಳಿಂದ ಬಂದ ದೊರ್ಜೆ ಜನ ಇಲ್ಲಿಯ ನೇಕಾರರು. ತೆಳುವಾದ ಹೊದಿಕೆ ನೆಟೆಲಾ, ನಾಲ್ಕು ಪದರಿನ ದಪ್ಪ ಹೊದಿಕೆ ಗಾಬಿ, ಬಣ್ಣದ ಅಂಚಿನ ಬಿಳಿಯ ನಿಲುವಂಗಿಗಳು ಇಲ್ಲಿ ದೊರೆಯುತ್ತವೆ. ಬೆಲೆಯಲ್ಲಿ ಚೌಕಾಸಿ ನಡೆಯುತ್ತದೆ. ನೇಕಾರ, ಕಮ್ಮಾರ, ಕುಂಬಾರರನ್ನು ಕೀಳಾಗಿ ಕಾಣುವ ರೂಢಿ ಆ ನಾಡಿನಲ್ಲಿಯೂ ಬಹುಕಾಲ ಇತ್ತು. ಜೇಡರ ದಾಸಿಮಯ್ಯನವರ ಕಾಯಕವನ್ನು ಗೌರವಿಸುವ ನಾವು ಒಂದು ಗಾಬಿಯನ್ನು ಕೊಂಡಾಗ ಹೆಚ್ಚು ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಅಫ್ರಿಕಾದ ಅತಿ ದೊಡ್ಡ ಬಯಲು ಮಾರುಕಟ್ಟೆಗಳಲ್ಲಿ ಒಂದಾದ ಮರ್ಕಾಟೊ ಈ ನಗರದಲ್ಲಿದೆ. ಜನದಟ್ಟಣೆಯಲ್ಲಿ ಕಿಸೆ ಜೋಪಾನವಾಗಿರಬೇಕು. ಸ್ಥಳೀಯರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಹಳೆಯ ಟೈರುಗಳಿಂದ ಚಪ್ಪಲಿ, ಹಳೆಯ ತಗಡಿನಿಂದ ಒಲೆ ಮಾಡುವವರ ಓಣಿಯೇ ಅಲ್ಲಿದೆ. ಅದನ್ನು ದಾಟಿ ಕಾಳುಕಡಿಯ ಸಾಲಿಗೆ ಬಂದಾಗ ಅತ್ತೆಯವರು ಒಂದು ಚೀಲದ ಮುಂದೆ ಗಕ್ಕನೆ ನಿಂತು, "ಇದು ನಮ್ಮ ಗುರೆಳ್ಳ ಅಲ್ಲೇನ!" ಎಂದು ಉದ್ಗರಿಸಿದರು. ಹೌದು, ಗುರೆಳ್ಳೇ, ಅಲ್ಲಿಯವರು 'ನೂಗ್' ಎನ್ನುತ್ತಾರೆ. ಈ ಎಣ್ಣೆಕಾಳಿನ ಮೂಲ ನೆಲೆ ಇಥಿಯೋಪಿಯಾ. ರಾಗಿಯ ತವರು ಕೂಡ ಪೂರ್ವ ಅಫ್ರಿಕಾದ ಇದೇ ಎತ್ತರದ ಸೀಮೆ. ಜೋಳವೂ ಅಫ್ರಿಕಾದಲ್ಲಿಯೇ ಮೊದಲು ಕೃಷಿಗೆ ಬಂದ ಧಾನ್ಯವೆಂದು ವಿದ್ವಾಂಸರ ಅಭಿಪ್ರಾಯ. ಅನ್ಯರ ಅನ್ನಕ್ಕೆ ಅಂಜಿ ನಾವು ಊರಿನಿಂದ ಹೊತ್ತು ತಂದ ರೊಟ್ಟಿಯೂ ಚಟ್ನಿಯೂ ಸಾವಿರಾರು ವರ್ಷಗಳ ಹಿಂದೆ ಈ ಕಡೆಯಿಂದಲೇ ನಮ್ಮ ಮನೆಗೆ ಬಂದವು!

ಶುಕ್ರವಾರ ಚಾಲಕರು ತಮ್ಮ ಮನೆಗೆ ಕಾಫಿಗೆ ಕರೆದರು. ಕಾಫಿಯೂ ಆ ನಾಡಿನದೇ. ಇಥಿಯೋಪಿಯಾದ ಕಾಡಿನಿಂದ ಯೆಮನ್ನಿಗೆ, ಅಲ್ಲಿಂದ ಬಾಬಾಬುಡನ್ ಅವರ ಮೂಲಕ ನಮ್ಮ ಚಿಕ್ಕಮಗಳೂರಿಗೆ ಬಂದಿತೆಂಬುದು ಪ್ರತೀತಿ. ನೆಲದ ಮೇಲೆ ಹಸಿರು ಹುಲ್ಲು ಹರಡಿ, ಧೂಪ ಹಾಕಿ, ನಮ್ಮ ಕಣ್ಣೆದುರೇ ಬೀಜ ಹುರಿದು ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಮೂರು ಸುತ್ತು ಕುಡಿಯಬೇಕು. ಮೂರನೆಯದರ ಹೆಸರು 'ಬರಕಾ', ಅಂದರೆ ಆಶೀರ್ವಾದ. ಮನೆಯ ಹಿರಿಯ ತಾಯಿ ಶಾಲೆಯಲ್ಲಿ ತಮಗೆ ಗಣಿತ ಕಲಿಸಿದವರು ಭಾರತದ ಗುರುಗಳೆಂದು ನೆನೆದರು. ಚಕ್ರವರ್ತಿಯ ಕಾಲದಲ್ಲಿ ನಮ್ಮ ದೇಶದ ಅನೇಕ ಶಿಕ್ಷಕರು ಅಲ್ಲಿಗೆ ಹೋಗಿ ಪಾಠ ಹೇಳಿದ್ದುಂಟು.

ಬಳಿಕ ಊಟದ ತಟ್ಟೆ ಬಂದಿತು, ಇಲ್ಲಿಯೂ ಒಂದೇ. ಅತ್ತೆಯವರು ತಮ್ಮ ಚಟ್ನಿಪುಡಿಯ ಡಬ್ಬಿ ಬಿಚ್ಚಿ ಇಂಜೆರಾದ ಒಂದು ಬದಿಗೆ ಹಾಕಿದರು. ಆ ತಾಯಿ ರುಚಿ ನೋಡಿ "ನೂಗ್!" ಎಂದು ನಕ್ಕರು. ನಂತರ ಒಂದು ತುತ್ತು ಸುತ್ತಿ ಅತ್ತೆಯವರ ಬಾಯಿಯ ಹತ್ತಿರ ಹಿಡಿದರು. ಇದಕ್ಕೆ 'ಗುರ್ಶಾ' ಎಂದು ಹೆಸರು. ಅತಿಥಿಗೆ ಕೈಯಾರೆ ತುತ್ತು ಕೊಡುವುದು ಅಲ್ಲಿಯ ಪ್ರೀತಿಯ ಗುರುತು. ಅತ್ತೆಯವರು ಒಂದು ಕ್ಷಣ ನಮ್ಮತ್ತ ನೋಡಿದರು. ಆಮೇಲೆ ಬಾಯಿ ತೆರೆದರು. ತಿರುಗಿ ತಾವೂ ಒಂದು ತುತ್ತು ಮಾಡಿ ಆ ತಾಯಿಗೆ ತಿನ್ನಿಸಿದರು. ಕೊನೆಗೆ ತಟ್ಟೆಯ ತಳದಲ್ಲಿ ಸಾರು ಹೀರಿ ಮೆತ್ತಗಾಗಿದ್ದ ಇಂಜೆರಾವನ್ನೂ ಮಿಕ್ಕಿಸದೆ ಎಲ್ಲರೂ ಹಂಚಿಕೊಂಡೆವು.

ಜನನ, ಮರಣ, ರಜಸ್ಸು, ಜಾತಿಗಳಂತೆ ಎಂಜಲಿನ ಸೂತಕವನ್ನೂ ನಮ್ಮ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಅಲ್ಲಗಳೆದರು. ಬಸವ ಜಯಂತಿಯ ವೇದಿಕೆಯಲ್ಲಿ ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಊಟದ ತಟ್ಟೆಯ ಮುಂದೆ ಕುಳಿತಾಗ ಅದು ಎಷ್ಟು ಕಠಿಣವೆಂದು ತಿಳಿದದ್ದು ಮಾತ್ರ ಪರದೇಶದಲ್ಲಿ. ಮರಳುವ ದಾರಿಯಲ್ಲಿ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮವ್ವ ಲಿಂಗೈಕ್ಯಳಾದ ಮ್ಯಾಲ ನನಗ ಯಾರೂ ಬಾಯಾಗ ತುತ್ತ ಇಟ್ಟಿದ್ದಿಲ್ಲ."

ಹೋಗಬಯಸುವ ಶರಣ ಬಂಧುಗಳಿಗೆ ಎರಡು ಮಾತು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿ ಅದರ ಪ್ರಮಾಣಪತ್ರವನ್ನು ಇಟ್ಟುಕೊಳ್ಳಿರಿ. ಭಾರತಕ್ಕೆ ಮರಳುವಾಗ ಅದನ್ನು ಕೇಳುತ್ತಾರೆ. ಬುಧವಾರ, ಶುಕ್ರವಾರಗಳು ಸೇರುವಂತೆ ಪ್ರವಾಸ ಹೊಂದಿಸಿಕೊಳ್ಳಿರಿ. ರೊಟ್ಟಿಯ ಗಂಟನ್ನು ಕಟ್ಟುವುದಾದರೆ ಧಾರಾಳವಾಗಿ ಕಟ್ಟಿರಿ. ಅಲ್ಲಿ ಹಂಚಿ ಉಣ್ಣುವುದಕ್ಕೆ ಬೇಕಾಗುತ್ತದೆ.