ರಾತ್ರಿಗೆ ನಾಲ್ಕು ಜಾವ

ಜಾವ ಅನ್ನುವ ಮಾತು ನಮ್ಮ ಬಾಯಲ್ಲಿ ಈಗ ಒಂದೇ ಕಡೆ ಉಳಿದಿದೆ. ಬೆಳಗಿನ ಜಾವ ಅನ್ನುತ್ತೇವೆ, ಅಷ್ಟೆ. ಉಳಿದ ಜಾವಗಳು ಏನಾದವು ಅಂತ ನಾನು ಯೋಚಿಸಿದವಳೇ ಅಲ್ಲ. ಮೂರು ಗಂಟೆಗೊಂದು ಜಾವ, ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು. ಘಳಿಗೆಯ ಲೆಕ್ಕದಲ್ಲಿ ಒಂದೊಂದೂ ಏಳೂವರೆ ಘಳಿಗೆ. ರಾತ್ರಿಯೆಲ್ಲ ಗಡದ್ದಾಗಿ ಮಲಗುವವರಿಗೆ ಈ ಲೆಕ್ಕ ಬೇಕಾಗುವುದಿಲ್ಲ. ಮಲಗಿದ್ದು ಒಂದು, ಎದ್ದಿದ್ದು ಒಂದು, ನಡುವೆ ಏನೂ ಇಲ್ಲ. ನನಗೆ ಮಾತ್ರ ಈ ಒಂಬತ್ತು ತಿಂಗಳಲ್ಲಿ ನಾಲ್ಕು ಜಾವಗಳ ಗುರುತೂ ಬೇರೆಬೇರೆಯಾಗಿ ಸಿಕ್ಕಿದೆ. ಮೊದಲನೆಯದರಲ್ಲಿ ಪಕ್ಕದ ಮನೆಯ ಟೀವಿ ಕೇಳುತ್ತದೆ. ಎರಡನೆಯದರಲ್ಲಿ ನಾಯಿಗಳು. ಮೂರನೆಯದರಲ್ಲಿ ಹೆಂಚಿನ ಮೇಲೆ ಮರದ ಹನಿ ಬೀಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕನೆಯದರಲ್ಲಿ ಕೊಟ್ಟಿಗೆಯ ಹಸು ಎದ್ದು ನಿಂತು ಮೈ ಕೊಡವುತ್ತದೆ, ಕೊರಳ ಗಂಟೆ ಒಂದೇ ಸಲ ಅಲುಗುತ್ತದೆ.

ನಮ್ಮದು ಕೆ. ಹೊಸಕೋಟೆಯಿಂದ ಸ್ವಲ್ಪ ಒಳಗೆ. ಆ 'ಕೆ' ಕೆಂಚಮ್ಮನದು. ಕೆಂಚಮ್ಮನ ಹೊಸಕೋಟೆ ಅಂತ ಪೂರ್ತಿ ಹೆಸರು. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಇಂಗ್ಲಿಷಿನಲ್ಲಿ 'ಕಾಂತಾಪುರ' ಬರೆದಾಗ ಆ ಊರನ್ನು ಕಾಯುವುದಕ್ಕೆ ನಿಲ್ಲಿಸಿದ್ದು ಕೆಂಚಮ್ಮ ಅನ್ನುವ ದೇವಿಯನ್ನೇ. ಅದರಲ್ಲಿ ಕತೆ ಹೇಳುವವಳು ಒಬ್ಬ ಅಜ್ಜಿ. ಉಸಿರು ಬಿಡದೆ, ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಹೇಳುತ್ತಾ ಹೋಗುತ್ತಾಳೆ. ನನ್ನ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಾತಾಡುವುದು ಹಾಗೇ. ಅಳುವ ಮಗುವಿಗೆ ಮಾತಿನ ಅರ್ಥ ಬೇಡ, ಮಾತು ನಿಲ್ಲಬಾರದು ಅಷ್ಟೆ.

ಮಗಳು ಹುಟ್ಟಿದ್ದು ಫೆಬ್ರುವರಿಯಲ್ಲಿ. ತಿಂಗಳು ತುಂಬುವ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಅರಳಿತು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದರೂ ಆ ವಾಸನೆ ಸಾಂಬ್ರಾಣಿ ಹೊಗೆಯ ಜೊತೆ ಸೇರಿಕೊಂಡು ಒಳಗೇ ಇರುತ್ತಿತ್ತು. ಆಶಾ ಕಾರ್ಯಕರ್ತೆ ಮೂರನೇ ದಿನ ಬಂದರು, ಏಳನೇ ದಿನ ಬಂದರು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟಕ್ಕೆ ಬಂದರು, ನಲವತ್ತೆರಡನೇ ದಿನ ಕೊನೆಯ ಸಲ ಬಂದು ಮಗುವನ್ನು ತೂಗಿ ಬರೆದುಕೊಂಡು ಹೋದರು. ಅಂಗಾತ ಮಲಗಿಸಿ, ದಿಂಬು ಬೇಡ, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂತ ಪ್ರತಿ ಸಲವೂ ಹೇಳಿದರು. ಅತ್ತೆ ಅಕ್ಕರೆಯಿಂದ ಹೊಲಿದಿಟ್ಟಿದ್ದ ಸಾಸಿವೆ ದಿಂಬು ಪೆಟ್ಟಿಗೆಗೆ ಹೋಯಿತು. ಅವರಿಗೆ ಬೇಸರವಾಯಿತು, ಆದರೆ ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಮೊದಲ ಎರಡು ತಿಂಗಳು ಹಸುಗೂಸಿಗೆ ಹಗಲು ರಾತ್ರಿ ಗೊತ್ತಿರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿ ಓಡಾಡಿದರೆ ತೂಗಿದಂತಾಗಿ ಮಲಗಿ, ತಾಯಿ ಮಲಗಿದಾಗ ಒದೆಯಲು ಶುರುಮಾಡಿದ ಜೀವ ಅದು. ಹೊರಗಿನ ಬೆಳಕಿಗೂ ಕತ್ತಲಿಗೂ ಮೈ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಅದಕ್ಕೆ ರಾತ್ರಿಯ ಸುದ್ದಿ ಹೇಳುವುದು ತಾಯಿಯ ಹಾಲು: ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿತು. ಕತ್ತಲಾಗಿದೆ ಮಗಳೇ ಅಂತ ನನ್ನ ಮೈ ನನಗೆ ಗೊತ್ತಿಲ್ಲದೆ ಅವಳಿಗೆ ಹೇಳುತ್ತಿತ್ತಲ್ಲ ಅಂತ.

ಆ ದಿನಗಳನ್ನು ಹೇಗೋ ದಾಟಿದೆ. ಕಷ್ಟವಾದದ್ದು ನಾಲ್ಕನೇ ತಿಂಗಳು. ಇನ್ನೇನು ಒಂದು ಹದಕ್ಕೆ ಬಂತು ಅನ್ನುವಾಗ, ಜೂನ್ ಮಳೆ ಹಿಡಿದ ವಾರ, ಐವತ್ತು ನಿಮಿಷಕ್ಕೋ ಗಂಟೆಗೋ ಒಂದು ಸಲ ಏಳತೊಡಗಿದಳು. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದು. ಎಳೆ ಮಕ್ಕಳದು ಒಂದು ಗಂಟೆಯೂ ಇಲ್ಲ. ಸುತ್ತು ಮುಗಿದಾಗಲೆಲ್ಲ ನಾವೂ ಅರೆಗಣ್ಣು ಬಿಟ್ಟು ಹೊರಳುತ್ತೇವೆ, ನೆನಪಿರುವುದಿಲ್ಲ. ಮಗುವಿಗೆ ಹೊರಳಿ ಮತ್ತೆ ಮಲಗುವುದು ಬರುವುದಿಲ್ಲ. ಮಲಗುವಾಗ ಅಮ್ಮನ ಎದೆ ಇತ್ತು, ಈಗ ಕಂಬಳಿ ಇದೆ. ಅಳದೆ ಇನ್ನೇನು ಮಾಡೀತು?

ಹೆಗಲಿನಿಂದ ಚಾಪೆಗೆ ಇಳಿಸುವ ಆ ಒಂದು ನಿಮಿಷವನ್ನು ಹೇಳಬೇಕು. ಉಸಿರು ಒಂದೇ ಸಮವಾಗಿದೆ, ಕೈ ಜೋತುಬಿದ್ದಿದೆ, ಬಾಯಿ ಚೂರು ತೆರೆದಿದೆ. ಮಂಡಿಯೂರಿ ಬಾಗುತ್ತೇನೆ. ಬೆನ್ನು ಚಾಪೆಗೆ ಇನ್ನೂ ತಾಗಿಲ್ಲ, ಅವಳ ಹೊಟ್ಟೆ ನನ್ನ ಎದೆಯಿಂದ ಬೆರಳಷ್ಟು ದೂರವಾಗಿದೆ, ಅಷ್ಟರಲ್ಲೇ ಎರಡೂ ಕೈ ಅಗಲವಾಗಿ ಮೇಲೆ ಹಾರುತ್ತವೆ. ಕಣ್ಣು ತೆರೆಯುತ್ತದೆ. 2022ರಲ್ಲಿ ಜಪಾನಿನ ರೈಕೆನ್ ಸಂಸ್ಥೆಯವರು ಇದನ್ನೇ ಅಳೆದು ನೋಡಿದ್ದಾರೆ. ಮಗುವನ್ನು ಎಚ್ಚರಿಸುವುದು ಹಾಸಿಗೆಯ ಸ್ಪರ್ಶವಲ್ಲ, ಎತ್ತಿಕೊಂಡವರ ಮೈ ಬಿಟ್ಟುಹೋಗುವ ಕ್ಷಣ. ಐದು ನಿಮಿಷ ಎತ್ತಿಕೊಂಡು ನಡೆಯಿರಿ, ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೇ ಕೂತಿರಿ, ಆಮೇಲೆ ಇಳಿಸಿ ಅಂತ ಅವರ ಮಾತು. ಅತ್ತೆ ಮೊದಲ ದಿನದಿಂದ ಹೇಳುತ್ತಿದ್ದದ್ದೂ ಅದೇ: "ತಕ್ಷಣ ಇಳಿಸಬ್ಯಾಡ ಕಣವ್ವ, ನಿದ್ದೆ ಗಟ್ಟಿಯಾಗ್ಲಿ." ನಾನು ಕೂರುತ್ತಿರಲಿಲ್ಲ. ಕೂತರೆ ನಾನೇ ಮಲಗಿಬಿಡುತ್ತೇನೆ, ಮಗು ಕೈಜಾರುತ್ತದೆ ಅನ್ನುವ ಹೆದರಿಕೆ.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಬಜೆ ತೇಯ್ದು ನೆಕ್ಕಿಸು ಅಂದರು, ಬಜೆ ಬಳೆ ಕೈಗೆ ಕಟ್ಟು ಅಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಗ್ರೈಪ್ ವಾಟರ್ ಕೊಡಿ ಅಂದವರಂತೂ ಲೆಕ್ಕವಿಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಅದನ್ನು ಮೊದಲು ತಯಾರಿಸಿದಾಗ ಅದರಲ್ಲಿ ಮದ್ಯವೂ ಇತ್ತು. ಮಗು ಸುಮ್ಮನಾಗುವುದಕ್ಕೆ ಅದೂ ಒಂದು ಕಾರಣವಿದ್ದೀತು. ಬಾಯಿಗೆ ಹಾಕುವ ಯಾವುದನ್ನೂ ನಾನು ಒಪ್ಪಲಿಲ್ಲ. ದೃಷ್ಟಿ ತೆಗೆಯುವುದಕ್ಕೆ ಬೇಡ ಅನ್ನಲಿಲ್ಲ. ಮೆಣಸಿನಕಾಯಿ ಹಿಡಿದ ಕೈ ಮಗುವಿನ ಸುತ್ತ ಮೂರು ಸಲ ಸುತ್ತಿದ ಮೇಲೆ ನನ್ನ ತಲೆಯ ಸುತ್ತಲೂ ಒಂದು ಸಲ ಬಂತು. ನನ್ನನ್ನೂ ಒಬ್ಬರು ನೋಡುತ್ತಿದ್ದಾರೆ ಅನ್ನಿಸಿದ್ದು ಆಗ.

ಪುರಂದರದಾಸರ ಒಂದು ಹಾಡಿನಲ್ಲಿ ಪುಟ್ಟ ಕೃಷ್ಣ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ನಮ್ಮ ಕಡೆ ಗುಮ್ಮನನ್ನು ಯಾರೂ ಕರೆಯಬೇಕಾಗಿಲ್ಲ. ಆಲೂರು ಸಕಲೇಶಪುರದ ತೋಟಗಳಲ್ಲಿ ಆನೆಗಳು ಮನುಷ್ಯರ ಪಕ್ಕದಲ್ಲೇ ಬದುಕುತ್ತಿವೆ. ಸುತ್ತಮುತ್ತ ಆನೆ ಇದ್ದರೆ ಮೊಬೈಲಿಗೆ ಸಂದೇಶ ಬರುತ್ತದೆ, ಕೆಲವು ಕಡೆ ದಾರಿಯಲ್ಲಿ ಕೆಂಪು ದೀಪ ಮಿನುಗುತ್ತದೆ. ಭುವನೇಶ್ವರಿ, ಬೀಟಮ್ಮ ಅಂತ ಹಿಂಡಿನ ಹೆಣ್ಣಾನೆಗಳಿಗೆ ಹೆಸರೂ ಇದೆ. 2014ರಲ್ಲಿ ಈ ಭಾಗದಿಂದಲೇ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು. ಜಾಗ ಖಾಲಿಯಾಗಲಿಲ್ಲ, ಬೇರೆಯವು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ದಸರೆಯ ಆನೆ ಅರ್ಜುನ ಕಾಡಾನೆಯೊಂದಿಗೆ ಸೆಣಸಿ ಸತ್ತಾಗ ನಮ್ಮ ಮನೆಯಲ್ಲಿ ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಜೂನ್ ಅಂದರೆ ಹಲಸಿನ ಕಾಲ. ಮನೆ ಹಿಂದೆ ಒಂದು ಮರ ಇದೆ. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಹಾಲೂಡುತ್ತಾ ಗೋಡೆಗೆ ಒರಗಿದ್ದೆ. ಮಳೆ ಬಿಟ್ಟಿತ್ತು. ಮೊದಲು ಕಾಫಿ ಗಿಡದ ರೆಂಬೆ ಮುರಿದ ಸದ್ದು. ಆಮೇಲೆ ಬಿಸಿ ಗಾಳಿಯನ್ನು ಚೀಲದಿಂದ ಹೊರಗೆ ಬಿಟ್ಟಂಥ ಉಸಿರು. ಮಾವ ಎದ್ದು ಬಂದು ದೀಪ ಹಾಕಬೇಡಿ ಅಂತ ಕೈಸನ್ನೆ ಮಾಡಿದರು. ನಾವು ನಾಲ್ವರೂ ಕತ್ತಲಲ್ಲಿ ಕೂತೆವು. ಹಲಸು ನೆಲಕ್ಕೆ ಬಿದ್ದ ಸದ್ದಾಯಿತು, ಹಿಂದೆಯೇ ಎಳೆ ದನಿಯೊಂದು, ತಗಡಿನ ಪೀಪಿಯಂಥದ್ದು. ಮರಿ ಇದೆ ಅಂದರು ಮಾವ ಪಿಸುಮಾತಿನಲ್ಲಿ. ಮಗಳು ಹಾಲು ಬಿಟ್ಟು, ಆ ಸದ್ದಿನ ಕಡೆ ತಲೆ ತಿರುಗಿಸಿ, ಕಣ್ಣು ಪೂರ್ತಿ ತೆರೆದುಕೊಂಡು ಕೇಳುತ್ತಿದ್ದಳು. ಅಳಲಿಲ್ಲ. ಅವಳ ಕಾಲಿನ ಹೆಬ್ಬೆರಳು ಮಾತ್ರ ನನ್ನ ಅಂಗೈಯಲ್ಲಿ ಮಡಚಿ ಬಿಚ್ಚಿ ಆಡುತ್ತಿತ್ತು.

ಇಪ್ಪತ್ತೆರಡು ತಿಂಗಳು ಹೊತ್ತು ಹೆರುವ ಪ್ರಾಣಿ ಅದು. ಎದೆ ಇರುವುದು ಮುಂಗಾಲುಗಳ ನಡುವೆ, ನಮ್ಮ ಹಾಗೇ ಎದೆಯ ಭಾಗದಲ್ಲಿ. ಬೋಟ್ಸ್ವಾನಾದಲ್ಲಿ ಎರಡು ಹಿಂಡುಗಳ ಯಜಮಾನಿಯರಿಗೆ ಅಳೆಯುವ ಸಾಧನ ಅಳವಡಿಸಿ ನೋಡಿದಾಗ ದಿನಕ್ಕೆ ಸರಾಸರಿ ಎರಡೇ ಗಂಟೆ ಅವು ನಿದ್ದೆ ಮಾಡಿದ್ದು ಕಂಡಿತು ಅಂತ 2017ರಲ್ಲಿ ವರದಿ ಬಂತು. ಎರಡು ಗಂಟೆ! ನನ್ನ ಲೆಕ್ಕಕ್ಕೂ ಅದಕ್ಕೂ ಬಹಳ ದೂರವಿರಲಿಲ್ಲ. ಆದರೆ ಆನೆಯ ಮೈ ಅದಕ್ಕೆ ಹದವಾಗಿದೆ, ನನ್ನದಲ್ಲ. ಇನ್ನೊಂದು ಮಾತೂ ಇದೆ. ಆನೆಯ ಮರಿಯನ್ನು ತಾಯಿ ಒಬ್ಬಳೇ ಕಾಯುವುದಿಲ್ಲ. ಚಿಕ್ಕಮ್ಮ, ದೊಡ್ಡಮ್ಮ, ಇನ್ನೂ ಹೆರದ ಅಕ್ಕಂದಿರು ಸುತ್ತ ನಿಲ್ಲುತ್ತಾರೆ. ಮರಿ ಕೂಗಿದರೆ ಹತ್ತಿರವಿದ್ದವಳು ಮೊದಲು ಓಡುತ್ತಾಳೆ. ನಮ್ಮ ಮನೆಯಲ್ಲಿ ಆಗ ಓಡುತ್ತಿದ್ದವಳು ನಾನೊಬ್ಬಳೇ. ಯಾರೂ ಕೆಟ್ಟವರಾಗಿರಲಿಲ್ಲ. ಹಾಲು ನನ್ನದು, ಹಾಗಾಗಿ ರಾತ್ರಿಯೂ ನನ್ನದು ಅಂತ ಎಲ್ಲರೂ ತಿಳಿದಿದ್ದರು, ನಾನೂ.

ಜುಲೈ ಮೊದಲ ವಾರದ ಒಂದು ರಾತ್ರಿ ಆರನೇ ಸಲ ಎದ್ದಾಗ ಮಗುವಿನ ಮೇಲೆ ಸಿಟ್ಟು ಬಂತು. ಬೇಸರವಲ್ಲ, ಸಿಟ್ಟು. ಎತ್ತಿಕೊಂಡ ಕೈ ಬಿಗಿಯಾದದ್ದು ನನಗೇ ತಿಳಿಯಿತು. ಚಾಪೆಯ ಮೇಲೆ ಅಂಗಾತ ಮಲಗಿಸಿ, ಅಳುತ್ತಿದ್ದವಳನ್ನು ಹಾಗೇ ಬಿಟ್ಟು, ಹಿತ್ತಲಿಗೆ ಹೋಗಿ ತೊಟ್ಟಿಯ ನೀರಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ನಿಂತೆ. ಎಳೆ ಮಗುವನ್ನು ಸಿಟ್ಟಿನಲ್ಲಿ ಅಲ್ಲಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಕೈ ಮೀರುತ್ತಿದೆ ಅನ್ನಿಸಿದಾಗ ಮಲಗಿಸಿ ಐದು ನಿಮಿಷ ಆಚೆ ಹೋಗುವುದೇ ಸರಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಐದು ನಿಮಿಷ ನಾನು ಪಟ್ಟ ನಾಚಿಕೆ ಹೇಳತೀರದು. ಅದಕ್ಕೂ ಮೊದಲು ಒಂದು ಆಸ್ಪತ್ರೆಯಲ್ಲಿ ನಿದ್ದೆಯೇ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅಂದಿದ್ದಕ್ಕೆ ಎಲ್ಲ ತಾಯಂದಿರಿಗೂ ಹಾಗೇ ಅಂದು ಕಳಿಸಿದ್ದರು. ಹಾಗಲ್ಲ. ಎಲ್ಲರಿಗೂ ಆಗುವ ಸುಸ್ತು ಬೇರೆ, ಮಗು ಮಲಗಿದಾಗಲೂ ನಿದ್ದೆ ಬಾರದೆ ಎದೆ ಕಲ್ಲಾಗುವುದು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಿಂದ ಇದೆ. 14416ಕ್ಕೆ ಫೋನು ಮಾಡಿದರೆ ಟೆಲಿಮನಸ್‌ನವರು ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೇನೆ. ಮನೆಗೆ ಬರುವ ಬಸುರಿಯರಿಗೆ ತೋರಿಸುತ್ತೇನೆ.

ಹಿತ್ತಲಲ್ಲಿ ನಿಂತಿದ್ದವಳನ್ನು ಮಾವ ನೋಡಿದರು. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಮಗನನ್ನು ಕೂರಿಸಿಕೊಂಡು ಮಾತು ತೆಗೆದರು. ಅವರು ಮೂವತ್ತು ವರ್ಷ ಭತ್ತದ ಗದ್ದೆ ಕಾದವರು. ತೆನೆ ಬಲಿಯುವ ಕಾಲಕ್ಕೆ ನಾಲ್ಕು ಮನೆಯವರು ಸೇರಿ ಅಟ್ಟಣೆ ಕಟ್ಟಿ, ಬೆಂಕಿ ಹಾಕಿಕೊಂಡು, ರಾತ್ರಿಯನ್ನು ಜಾವ ಜಾವವಾಗಿ ಹಂಚಿಕೊಳ್ಳುತ್ತಿದ್ದರಂತೆ. "ಒಬ್ಬನೇ ಇಡೀ ರಾತ್ರಿ ಕಾಯ್ತೀನಿ ಅಂದೋನು ಮೂರನೇ ದಿನಕ್ಕೆ ಮಲಗ್ತಾನೆ. ಆನೆ ನಾಕನೇ ದಿನಕ್ಕೆ ಬರುತ್ತೆ. ಮನೇಲಿ ನಾಕು ಜನ ಇಟ್ಕಂಡು ಅವಳೊಬ್ಬಳನ್ನೇ ಅಟ್ಟಣೆ ಹತ್ತಿಸಿದ್ದೀವಲ್ಲೋ." ಅಷ್ಟೇ ಅವರು ಆಡಿದ್ದು. ಅತ್ತೆ ಆಗಲೇ ಎದ್ದು ಒಳಲೆ ಹುಡುಕಲು ಹೋದರು.

ಒಳಲೆ ಸಿಕ್ಕಿತು, ನನ್ನ ಗಂಡನಿಗೆ ಹಾಲು ಕುಡಿಸಿದ್ದ ಬೆಳ್ಳಿಯದು, ಮೂತಿ ಚೂರು ಸೊಟ್ಟ. ಅದನ್ನು ಬಿಸಿನೀರಲ್ಲಿ ಕುದಿಸಿದೆವು. ಒಂಬತ್ತಕ್ಕೆ ಹಾಲೂಡಿಸಿ, ಒಂದಿಷ್ಟು ಹಾಲು ಹಿಂಡಿ ಮುಚ್ಚಿಟ್ಟು ನಾನು ಒಳಕೋಣೆಗೆ ಹೋಗುವುದು. ಹೊರಗಿಟ್ಟರೂ ನಾಲ್ಕು ಗಂಟೆ ಅದು ಕೆಡುವುದಿಲ್ಲ. ಒಂದರವರೆಗೆ ಗಂಡನ ಪಾಳಿ. ಅವರು ಜೀಪು ಓಡಿಸುವವರು, ಆಮೇಲೆ ಐದೂವರೆವರೆಗೆ ಅವರಿಗೆ ನಿದ್ದೆ ಬೇಕೇ ಬೇಕು. ಒಂದರಿಂದ ನಾಲ್ಕು ನಾನು. ನಾಲ್ಕಕ್ಕೆ ಮಾವ ಹೇಗೂ ಏಳುತ್ತಾರೆ, ಬೆಳಗಿನ ಜಾವ ಅವರದು. ಅತ್ತೆ ಹಗಲಿಗೆ ನಿಂತರು. ಎಣ್ಣೆನೀರು ಹಾಕಿ, ಹಳೆ ಸೀರೆಯ ಜೋಲಿಯ ಪಕ್ಕ ಕಣ್ಣಿಟ್ಟು ಕೂತು, ನನ್ನನ್ನು ಹತ್ತರಿಂದ ಹನ್ನೆರಡು ಮಲಗಿಸಿದರು.

ಮೊದಲ ರಾತ್ರಿ ಮಗಳು ಒಳಲೆಗೆ ಬಾಯಿ ಕೊಡಲಿಲ್ಲ, ಅತ್ತಳು. ಬಾಗಿಲ ಈಚೆ ನನಗೂ ಅಳು ಬಂತು. ಮೂರನೇ ರಾತ್ರಿ ನಾಲ್ಕು ಗಂಟೆ ಒಂದೇ ಎಳೆಯಲ್ಲಿ ಮಲಗಿದೆ. ಎದ್ದಾಗ ಮನೆಯ ವಸ್ತುಗಳಿಗೆಲ್ಲ ಅಂಚು ಬಂದಂತಿತ್ತು. ಗೋಡೆಯ ಮೊಳೆ, ಚೊಂಬಿನ ಕಂಠ ಎಲ್ಲ ಸ್ಪಷ್ಟ. ಮಗಳು ಏಳುವುದು ಕಡಿಮೆಯಾಗಲಿಲ್ಲ. ಆಗಸ್ಟ್ ಪೂರ್ತಿ ಐದು ಸಲ ಎದ್ದಳು, ಹಲ್ಲು ಬರುವಾಗ ಇನ್ನೂ ಜಾಸ್ತಿ. ಅವಳ ಐದು ಐದೇ. ನನ್ನ ಪಾಲಿಗೆ ಬಂದದ್ದು ಎರಡು.

ನಿದ್ದೆಗಣ್ಣಲ್ಲಿ ಕೇಳಿದ ಮಾವನ ದನಿ ನನಗೆ ಎಲ್ಲಕ್ಕಿಂತ ಇಷ್ಟ. ಅವರಿಗೆ ಜೋಗುಳ ಬರುವುದಿಲ್ಲ. ಮಗುವನ್ನು ಎದೆಗೆ ಒರಗಿಸಿ ಜಗಲಿಯ ಉದ್ದಕ್ಕೆ ನಡೆಯುತ್ತಾ ಗದ್ದೆಯ ಹೆಸರು ಹೇಳುತ್ತಾರೆ. ಕೆರೆ ಕೆಳಗಿನದು, ಬಸರಿ ಮರದ್ದು, ಉದ್ದನೇ ಮಡಿ. ಅದರಲ್ಲಿ ಅರ್ಧ ಈಗ ಬೀಳುಬಿದ್ದಿವೆ. ಆನೆಗೆ ಹೆದರಿ ಈ ಕಡೆ ಎಷ್ಟೋ ಜನ ಭತ್ತವನ್ನೇ ಬಿಟ್ಟಿದ್ದಾರೆ. ಅವರು ಬಿಟ್ಟಿದ್ದನ್ನೂ ಸೇರಿಸಿಯೇ ಹೇಳುತ್ತಾರೆ.

ಈಗ ನವೆಂಬರ್. ಉಳಿದ ಎರಡು ಮಡಿಯಲ್ಲಿ ತೆನೆ ಬಾಗಿದೆ, ನಾಳೆಯಿಂದ ಮಾವ ಗದ್ದೆಗೆ ಹೋಗುತ್ತಾರೆ. ಅವರ ಜಾವ ಖಾಲಿ. ಅತ್ತೆ ನಾನೇ ಏಳುತ್ತೇನೆ ಅಂದಿದ್ದಾರೆ, ಹಾಗಾದರೆ ಹಗಲಿನ ಎರಡು ಗಂಟೆ ಯಾರು ನೋಡುವುದು ಅಂತ ಊಟದ ಹೊತ್ತಿನಲ್ಲಿ ಲೆಕ್ಕ ಹಾಕಿದೆವು, ಇನ್ನೂ ಮುಗಿದಿಲ್ಲ. ಹೊಳೆಯಾಚೆ ಹಿಂಡು ಇದೆ ಅಂತ ಸಂಜೆಯೇ ಸಂದೇಶ ಬಂದಿದೆ. ಗಂಡ ಒಳಲೆ ತೊಳೆಯುತ್ತಿದ್ದಾರೆ. ಒಂಬತ್ತೂಕಾಲು. ನನ್ನ ಪಾಳಿ ಒಂದಕ್ಕೆ, ಮಲಗುತ್ತೇನೆ.