ಬಾಯಿಲ್ಲದ ಹಂಡೆ

ಬಚ್ಚಲುಮನೆಯ ತಾಮ್ರದ ಹಂಡೆಗೆ ಬಾಯುಂಟು. ಉಕ್ಕಿದರೆ ಮುಚ್ಚಳವನ್ನೆತ್ತಿ ತಾನೇ ತಿಳಿಸುತ್ತದೆ. ಅದರ ಸ್ಥಾನಕ್ಕೆ ಬಂದಿರುವ ವಿದ್ಯುತ್ ಗೀಸರಿನ ಕೋಪವನ್ನಾದರೋ ಲಕ್ಷಣಗಳಿಂದಲೇ ಅರಿಯಬೇಕು.

ಹೋದ ಮಾಗಿಯಲ್ಲಿ ಭೀಮನಬೀಡಿನ ನಮ್ಮ ಮನೆಯ ಬಿಸಿನೀರಿನ ನಲ್ಲಿಯು ನೀರಿಗೆ ಮೊದಲು ಹಬೆಯನ್ನು ಉಗುಳಿತು. ವಿದ್ಯುತ್ತನ್ನು ಮೂಲದಲ್ಲಿಯೇ ನಿಲ್ಲಿಸಿ, ಪಾತ್ರೆಯು ಪೂರ್ಣವಾಗಿ ತಣಿದ ಮೇಲೆ ಬಲ್ಲವರಿಂದ ಬಿಚ್ಚಿಸಿದೆವು. ಕೊಳವೆಬಾವಿಯ ಗಡಸುನೀರಿನ ಸುಣ್ಣವು ಕಾಯಿಸುವ ಸುರುಳಿಗೆ ತೊಗಟೆಯಂತೆ ಕವಿದಿತ್ತು. ಹದವರಿತು ವಿದ್ಯುತ್ತನ್ನು ಕಡಿಯಬೇಕಾದ ಥರ್ಮೋಸ್ಟಾಟಿನ ತುದಿಗಳು ಬೆಸೆದುಹೋಗಿದ್ದವು. ಅದು ಸೋತಾಗ ಕಾಯಬೇಕಾದ ಕಟೌಟನ್ನು ಹಿಂದೊಬ್ಬ ರಿಪೇರಿಯವನು ತಂತಿ ಹಾಯಿಸಿ ನಿಷ್ಪ್ರಯೋಜಕ ಮಾಡಿದ್ದನು.

ಉಳಿದಿದ್ದ ಕಾವಲು ಸುರಕ್ಷಾ ಕವಾಟವೊಂದೇ. ಅದು ಕೆಲವು ದಿನಗಳಿಂದ ತೊಟ್ಟಿಕ್ಕುತ್ತಿದ್ದುದರಿಂದ, ಬೆಣೆ ಬಡಿದು ಮುಚ್ಚಿರೆಂದು ಹಿತೈಷಿಗಳು ಹೇಳಿದ್ದರು. ನಾವು ಮುಚ್ಚಲಿಲ್ಲ. ನಮ್ಮ ಸೀಮೆಯ ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುತ್ತದೆ. ಒತ್ತಡದಲ್ಲಿ ಸಿಲುಕಿದ ನೀರು 100 ಡಿಗ್ರಿಯನ್ನು ಮೀರಿಯೂ ನೀರಾಗಿಯೇ ಇರುತ್ತದೆ. ಪಾತ್ರೆ ಬಿರಿದರೆ ಅದರಲ್ಲೊಂದು ಭಾಗವು ತಟಕ್ಕನೆ ಹಬೆಯಾಗುತ್ತದೆ. ಹೀಗೆ ಹಬೆಯಾದ ನೀರು ಸುಮಾರು 1600 ಪಟ್ಟು ಹಿಗ್ಗಿ ಗೋಡೆಯನ್ನೂ ಕೆಡಹಬಲ್ಲುದು. 1680ರ ಸುಮಾರಿನಲ್ಲಿ ಡೆನಿಸ್ ಪಾಪಿನ್ ತನ್ನ ಮುಚ್ಚುಪಾತ್ರೆಗೆ ಇಂಥ ಕವಾಟವನ್ನಿಟ್ಟುದು ಇದಕ್ಕಾಗಿಯೇ.

ತೊಟ್ಟಿಕ್ಕುವ ಕವಾಟಕ್ಕೆ ಕಾರಣವನ್ನು ಹುಡುಕಿಸಬೇಕು. ಬೆಣೆಯನ್ನು ಮಾತ್ರ ಬಡಿಯಬಾರದು. ಗೀಸರಿಗಿರುವ ಬಾಯಿ ಅದೊಂದೇ.